ಚೀನೀಯ ಮಲಬಂಧ ಮೀಮಾಂಸೆಯು ಕೃಷ್ಣಾ-ಘಟಪ್ರಭಾ ಪ್ರಾಂತಕ್ಕೆ ಅನ್ವಯಿಸುವ ಬಗೆ

ಸಕಲ ಶಾಸ್ತ್ರಗಳೂ ಬ್ರಹ್ಮಜಿಜ್ಞಾಸೆಯಿಂದ ಹುಟ್ಟಿದವೆಂದು ಪಂಡಿತರು ಹೇಳುವರಾದರೂ, ಚರಿಗೆ ಹಿಡಿದು ಬಯಲಕಡೆಗೆ ಹೋದವನು ಹೋದ ಹಾಗೆಯೇ ಮರಳಿದ ದಿನ ಅವನಿಗೆ ಬ್ರಹ್ಮದಲ್ಲಿ ಆಸಕ್ತಿಯುಳಿಯದೆಂಬುದು ಅನುಭವಸಿದ್ಧ. ಚೀನೀಯರು ಇದನ್ನು ಮೊದಲೇ ಮನಗಂಡಿದ್ದರು. ಹಾನ್ ವಂಶದ ಅವಸಾನಕಾಲದ ವೈದ್ಯ ಝಾಂಗ್ ಝೊಂಗ್‌ಜಿಂಗನು ರೇವಲ್ಚಿನ್ನಿಯ ಬೇರು, ವಿರೇಚಕ ಲವಣ, ಕಹಿಕಿತ್ತಳೆಯ ಎಳೆಗಾಯಿ, ಮ್ಯಾಗ್ನೋಲಿಯಾ ತೊಗಟೆ, ಇವುಗಳ ಕಷಾಯವನ್ನು ವಿಧಿಸಿದನು; 1839ರಲ್ಲಿ ಅಫೀಮಿನ ನಿಗ್ರಹಕ್ಕೆ ನಿಯುಕ್ತನಾದ ಲಿನ್ ಝೆಶು ಎಂಬ ಅಧಿಕಾರಿಯು ವಿಕ್ಟೋರಿಯಾ ರಾಣಿಗೆಂದು ಬರೆದ ಪತ್ರದಲ್ಲಿ, ಚಹವೂ ರೇವಲ್ಚಿನ್ನಿಯೂ ಇಲ್ಲದೆ ಪರದೇಶೀಯರಿಗೆ ಒಂದು ದಿನವೂ ಸಾಗದೆಂದು ಸೂಚಿಸಿದನು. ಸಾಮ್ರಾಜ್ಯವೊಂದನ್ನು ಕರುಳಿನ ಮೂಲಕ ಬೆದರಿಸಿದ ಬೇರೆ ನಿದರ್ಶನವನ್ನು ನಾನು ಕಾಣೆ.

ಚೀನೀ ವೈದ್ಯಮತದಂತೆ ಮಲಬಂಧವು ಉಷ್ಣ, ವಾಯು, ದೌರ್ಬಲ್ಯ, ಶೀತವೆಂದು ಚತುರ್ವಿಧ. ನಮ್ಮ ಪ್ರಾಂತದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳೂ ನಾಲ್ಕೇ ಆಗಿರುವುದು ಆಕಸ್ಮಿಕವೆಂದು ನಂಬಲು ಈ ಲೇಖಕನ ಪಾಂಡಿತ್ಯವು ಒಪ್ಪದು. ಬಹುಕಾಲ ಕುಳಿತಿರುವುದರಿಂದಲೂ ಚಿಂತೆಯಿಂದಲೂ ವಾಯು ಸ್ತಂಭಿಸುವುದಂತೆ. ಅದು ನಿರ್ವಿವಾದವಾಗಿ ರಬಕವಿ-ಬನಹಟ್ಟಿಗೆ ಸಲ್ಲತಕ್ಕದ್ದು, ಏಕೆಂದರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನಸುಕಿನಿಂದ ಲಾಳಿಯಾಡಿಸುವ ನೇಕಾರನಿಗೆ ಕೂಡುವುದೂ ಉಂಟು, ನೂಲಿನ ದರದ ಚಿಂತೆಯೂ ಉಂಟು. ಉಷ್ಣವು ಬೀಳಗಿಯ ಬೇಸಗೆಗೆ. ದೌರ್ಬಲ್ಯವು ಜಮಖಂಡಿಗೆ: ಪಟವರ್ಧನರ ಸಂಸ್ಥಾನವೇ 1948ರಲ್ಲಿ ವಿಲೀನವಾದ ಮೇಲೆ ಕರುಳಿಗಾದರೂ ಹುರುಪೆಲ್ಲಿಯದು?

ಚಿಕಿತ್ಸೆಗೆ ಪೂರ್ವದಲ್ಲಿ ಚೀನೀ ವೈದ್ಯನು ನಾಲಗೆಯನ್ನು ನೋಡುವನು. ಈ ಪರೀಕ್ಷೆಗೆ ಕೇಳದೆಯೇ ನಾಲಗೆ ಚಾಚಿ ನಿಲ್ಲುವ ಮುಧೋಳದ ಬೇಟೆನಾಯಿಗಿಂತ ವಿಧೇಯ ರೋಗಿಯಿಲ್ಲ. ಬಳಿಕ ಹೊಕ್ಕುಳದ ಎರಡೂ ಮಗ್ಗುಲಲ್ಲಿ, ರೋಗಿಯದೇ ಹೆಬ್ಬೆರಳಿನ ಎರಡು ಅಗಲದಷ್ಟು ದೂರದಲ್ಲಿ, ಸೂಜಿ ಚುಚ್ಚುವನು. ಬೆಳಗಿನ 5ರಿಂದ 7ರವರೆಗಿನ ಕಾಲವು ದೊಡ್ಡ ಕರುಳಿನದೆಂದೂ ಆ ಶಾಸ್ತ್ರವು ಸಾರುತ್ತದೆ. ಗ್ರಂಥವನ್ನೋದದ ನಮ್ಮ ಒಕ್ಕಲಿಗರು ಈ ಮುಹೂರ್ತವನ್ನು ತಲೆತಲಾಂತರದಿಂದ ತಪ್ಪಿಸಿದವರಲ್ಲ.

ಇಷ್ಟನ್ನೂ ಬನಹಟ್ಟಿಯ ಅಜ್ಜಿಯೊಬ್ಬಳ ಮುಂದೆ ಸವಿಸ್ತಾರವಾಗಿ ನಿರೂಪಿಸಲಾಗಿ, ಕಂಡಿಕೆ ಸುತ್ತುತ್ತಿದ್ದ ಆಕೆಯು ರಾಟೆಯನ್ನು ನಿಲ್ಲಿಸದೆ, “ಅದಕ್ಯಾಕ ಚೀನಾತನಕ ಹೋಗಬೇಕೋ ತಮ್ಮಾ, ರಾತ್ರಿ ಒಂದೀಟ ಸೋನಾಮುಖಿ ನೆನಿಹಾಕಿ ಕುಡಿ, ಮ್ಯಾಲ ತುಂಬಿಗಿ ನೀರ ಕುಡಿ” ಎಂದಳು. ರಸಾಯನಶಾಸ್ತ್ರವೂ ಖೇದಕರವಾಗಿ ಆಕೆಯ ಪಕ್ಷವನ್ನೇ ವಹಿಸುತ್ತದೆ: ದೊಡ್ಡ ಕರುಳನ್ನು ಕೆರಳಿಸಿ ನಡೆಸುವ ಸೆನ್ನೊಸೈಡ್‌ಗಳು ಚೀನೀ ರೇವಲ್ಚಿನ್ನಿಯಲ್ಲೂ ಇವೆ, ಸೋನಾಮುಖಿಯಲ್ಲೂ ಇವೆ. ಎರಡನ್ನೂ ನಿತ್ಯದ ರೂಢಿ ಮಾಡಿಕೊಳ್ಳತಕ್ಕದ್ದಲ್ಲ.

ಮುಧೋಳದ ಪಾಲಿಗೆ ಉಳಿದ ಶೀತ ಮಲಬಂಧವು ಮಾತ್ರ ಇನ್ನೂ ಸಿದ್ಧಪಟ್ಟಿಲ್ಲ. ಆ ಬಿಸಿಲಿನಲ್ಲಿ ಅಂಥ ರೋಗಿಯೊಬ್ಬನು ಯಾರಿಗಾದರೂ ದೊರೆತಲ್ಲಿ, ಅವನು ಗುಣಹೊಂದುವುದರೊಳಗಾಗಿ ಗ್ರಂಥಕರ್ತನಿಗೆ ತಿಳಿಸಬೇಕೆಂದು ವಿನಂತಿ.