ಭಾವನವರ ಸೂರ್ಯ

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಪಿಂಚಣಿಯ ಜೊತೆ ಇನ್ನೊಂದು ಹೊಣೆಯೂ ಅಂಟಿಕೊಳ್ಳುತ್ತದೆ. ನೆಂಟರಿಷ್ಟರ ಆವಿಷ್ಕಾರಗಳನ್ನೆಲ್ಲ ಮೊದಲು ಅವನೇ ಕೇಳಬೇಕು. ನನ್ನ ಭಾವ, ಅಂದರೆ ಅಕ್ಕನ ಗಂಡ, ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವರು. ಈಗ ಅವರ ಚಿತ್ತವೆಲ್ಲ ಪ್ಲಾಸ್ಮಾದ, ಅಂದರೆ ವಿದ್ಯುದಾವೇಶ ಹೊತ್ತ ಬಿಸಿ ಅನಿಲದ, ಮೇಲೆ. ಹತ್ತು ಹದಿನೈದು ಕೋಟಿ ಡಿಗ್ರಿಗೆ ಕಾದ ಪ್ಲಾಸ್ಮಾವನ್ನು ಹಿಡಿದಿಟ್ಟರೆ ಪರಮಾಣು ಸಮ್ಮಿಲನದಿಂದ ವಿದ್ಯುತ್ ತೆಗೆಯಬಹುದಲ್ಲ, ಹಿಡಿದಿಡುವ ಆ ಕೆಲಸ ತಮಗೆ ಬಿಡಿ ಅನ್ನುತ್ತಾರೆ. ನಕ್ಷೆಗಳೆಲ್ಲ ಮದುವೆ ಕರೆಯೋಲೆಗಳ ಖಾಲಿ ಬೆನ್ನಿನ ಮೇಲೆ.

“ಪಾತ್ರೆ ಕರಗಿ ಹೋಗುತ್ತೆ, ಅದೇ ತಾನೆ ಕಷ್ಟ?” ಅಂದರು.

“ಅಷ್ಟೇ ಅಲ್ಲ ಭಾವ. ಈ ಪ್ಲಾಸ್ಮಾ ಗಾಳಿಗಿಂತ ಲಕ್ಷ ಪಾಲು ವಿರಳ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಯಂತ್ರದಲ್ಲಿ ಪ್ಲಾಸ್ಮಾಕ್ಕೆ 800 ಘನಮೀಟರಿಗೂ ಹೆಚ್ಚು ಜಾಗ ಇದೆ. ಒಂದು ಹೊತ್ತಿಗೆ ಅದರೊಳಗಿರೋ ಇಂಧನ ಒಂದು ಗ್ರಾಮೂ ತೂಗಲ್ಲ. ಗೋಡೆ ಮುಟ್ಟಿತೋ, ಪ್ಲಾಸ್ಮಾವೇ ತಣ್ಣಗಾಗಿ ಆರಿಹೋಗುತ್ತೆ.”

ಆ ಯಂತ್ರದ ಉಕ್ಕಿನ ಹೊರಕವಚದ ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾಗಿ ಹೋದವು ಎಂದೂ ಬಾಯ್ತಪ್ಪಿ ಹೇಳಿಬಿಟ್ಟೆ. ಭಾವನವರಿಗೆ ಅಷ್ಟು ಕುಮ್ಮಕ್ಕು ಸಾಕಾಯಿತು.

“ಉದ್ದ ಕೊಳವೆ, ಸುತ್ತ ತಂತಿ ಸುರುಳಿ. ಕಾಂತಕ್ಷೇತ್ರ ಹಿಡಿದಿಟ್ಟುಕೊಳ್ಳುತ್ತೆ.”

“ಎರಡೂ ತುದಿಯಿಂದ ಸೋರುತ್ತೆ.”

“ತುದಿಗೆ ಇನ್ನಷ್ಟು ಸುರುಳಿ ಹಾಕು. ಅದು ವಾಪಸ್ಸು ತಳ್ಳುತ್ತೆ.”

ಇದಕ್ಕೆ ಕಾಂತೀಯ ಕನ್ನಡಿ ಎಂದು ಹೆಸರು. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದವರು 37 ಕೋಟಿ ಡಾಲರ್ ಸುರಿದು ಇಂಥದ್ದೊಂದನ್ನು 1986ರಲ್ಲಿ ಕಟ್ಟಿ ಮುಗಿಸಿದರು. ಸರ್ಕಾರ ಖರ್ಚಿಗೆ ಕೈ ಎತ್ತಿತು. ಒಂದು ದಿನವೂ ಪ್ರಯೋಗ ನಡೆಸದೆ ಅದೇ ವರ್ಷ ಬೀಗ ಹಾಕಿದರು. “ಅದು ಬಜೆಟ್ಟಿನ ಸೋಲು ಮಾರಾಯ, ಐಡಿಯಾದ್ದಲ್ಲ” ಎಂದರು ಭಾವ. ಅರ್ಧ ನಿಜ, ಹಾಗಾಗಿ ಸುಮ್ಮನಾದೆ.

ಸುಮ್ಮನಾದದ್ದೇ ತಡ, ಕೊಳವೆ ಬಗ್ಗಿ ಬಳೆಯಾಯಿತು. ತುದಿಯೇ ಇಲ್ಲದ ಮೇಲೆ ಸೋರುವುದೆಲ್ಲಿಂದ? ಆದರೆ ಬಳೆಯ ಒಳಮಗ್ಗುಲಲ್ಲಿ ಕ್ಷೇತ್ರ ಬಿಗಿ, ಹೊರಮಗ್ಗುಲಲ್ಲಿ ಸಡಿಲ. ಪ್ಲಾಸ್ಮಾ ಹೊರಗೋಡೆಯತ್ತ ಜಾರುತ್ತದೆ. ಕ್ಷೇತ್ರರೇಖೆಗಳನ್ನು ಹಗ್ಗದ ಹುರಿಯ ಹಾಗೆ ತಿರುಚಿದರೆ ಮಾತ್ರ ನಿಲ್ಲುತ್ತದೆ ಎಂದೆ. ತಿರುಚುವುದು ಭಾವನವರಿಗೆ ಒಗ್ಗಲಿಲ್ಲ. ಹೊಸ ಕರೆಯೋಲೆ ತೆಗೆದರು. ಈ ಸಲ ಕಾಂತವೇ ಇಲ್ಲ, ತಂತಿಜಾಲರಿಯ ಎರಡು ಗೋಲಗಳು, ಒಂದರೊಳಗೊಂದು, ನಡುವೆ ಸಾವಿರಾರು ವೋಲ್ಟ್.

ನನಗೆ ನಗು ಬರಲಿಲ್ಲ. 1950ರಲ್ಲಿ ಸಖಾಲಿನ್ ದ್ವೀಪದಲ್ಲಿ ಒಲೆಗ್ ಲಾವ್ರೆಂತ್ಯೆವ್ ಎಂಬ ಸೋವಿಯತ್ ಸಾರ್ಜೆಂಟ್ ಇದ್ದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ತನ್ನ ಸಂಬಳದಲ್ಲಿ ಭೌತಶಾಸ್ತ್ರದ ಪತ್ರಿಕೆ ತರಿಸಿ ಓದುತ್ತಿದ್ದ. ಪ್ಲಾಸ್ಮಾವನ್ನು ವಿದ್ಯುತ್ ಕ್ಷೇತ್ರದಿಂದ, ಜಾಲರಿ ಕಟ್ಟಿ, ಹಿಡಿಯಬಹುದೆಂದು ಪಕ್ಷದ ಕೇಂದ್ರ ಸಮಿತಿಗೇ ಬರೆದು ಕಳಿಸಿದ. ಕಾಗದ ಹೋಗಿ ಬಿದ್ದದ್ದು 29 ವರ್ಷದ ಆಂದ್ರೆ ಸಾಖರೋವ್ ಮೇಜಿನ ಮೇಲೆ. ಬಿಸಿ ಕಣಗಳು ಜಾಲರಿಯ ತಂತಿಗೇ ಬಡಿಯುತ್ತವೆ ಎಂದು ಸಾಖರೋವರಿಗೆ ಗೊತ್ತಾಯಿತು. ಹಾಗಿದ್ದರೆ ತಂತಿಯಿಲ್ಲದ ಬೇಲಿ ಯಾವುದು ಎಂಬ ಯೋಚನೆಯೂ ಹತ್ತಿಕೊಂಡಿತು. ಇಗೊರ್ ತಾಮ್ ಜೊತೆ ಕೂತು ಕಾಂತಕ್ಷೇತ್ರದ ಬಳೆಗೆ ಲೆಕ್ಕ ಹಾಕಿದರು. ಟೋಕಮಾಕ್ ಎಂಬ ಬಳೆಯಾಕಾರದ ಯಂತ್ರಗಳ ವಂಶ ಅಲ್ಲಿಂದ ಶುರು.

“ಸ್ಟಾಂಪ್ ದಂಡ ಆಗಲಿಲ್ಲ ಅನ್ನು!” ಭಾವ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

ಕಾಗದ ಬರೆಯುವವರಿಗೆ ಎಂದೂ ಬರವಿಲ್ಲ. ಅದನ್ನು ಕೂತು ಓದುವ ಸಾಖರೋವ್‌ಗಳಿಗೆ ಬರ. ಈ ವಿದ್ಯೆಯ ಇನ್ನೊಂದು ಕವಲು ಚಿಗುರಿದ್ದಂತೂ ಬರೀ ಹುಸಿಯಿಂದ. 1951ರಲ್ಲಿ ಅರ್ಜೆಂಟೀನಾದ ಅಧ್ಯಕ್ಷ ಪೆರೋನ್, ರಿಕ್ಟರ್ ಎಂಬಾತ ಹ್ಯುಯೆಮುಲ್ ದ್ವೀಪದಲ್ಲಿ ಸಮ್ಮಿಲನ ಸಾಧಿಸಿಬಿಟ್ಟ ಎಂದು ಸಾರಿದರು. ಅದು ಸುಳ್ಳಾಯಿತು. ಆದರೆ ಆ ಸುದ್ದಿ ಕೇಳಿದ ಪ್ರಿನ್ಸ್‌ಟನ್ನಿನ ಲೈಮನ್ ಸ್ಪಿಟ್ಜರ್, ಹಿಮದಲ್ಲಿ ಜಾರಾಡಲು ಹೋದವರು, ಅಲ್ಲೇ ಯೋಚಿಸಿ ಸ್ಟೆಲರೇಟರ್ ಎಂಬ ತಿರುಚಿದ ಬಳೆಯನ್ನು ಹೊಳೆಯಿಸಿಕೊಂಡು ಬಂದರು.

ಅದು ಹೇಗಿರುತ್ತದೆ ಎಂದು ಭಾವ ಕೇಳಿದರು. ಜರ್ಮನಿಯ ವೆಂಡೆಲ್‌ಸ್ಟೈನ್ 7-ಎಕ್ಸ್ ಯಂತ್ರದ ಚಿತ್ರ ತೋರಿಸಿದೆ. ಅದರಲ್ಲಿ ಸೊಟ್ಟಸೊಟ್ಟ ಸುರುಳಿಗಳೇ ಐವತ್ತು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

“ಇದನ್ನೇ ನಾನು ಬರೆದು ತಂದಿದ್ದರೆ, ಕೈ ನಡುಗುತ್ತೆ, ಡಾಕ್ಟರ ಹತ್ತಿರ ಹೋಗಿ ಅನ್ನುತ್ತಿದ್ದೆ ನೀನು.”