ಇನ್ನೊಂದು ಕಾಲೆಲ್ಲಮ್ಮಾ?

ಐವತ್ತೆಂಟು ದಾಟಿದ ಮೇಲೆ ನನ್ನ ಮೊಣಕಾಲುಗಳು ಹವಾಮಾನ ಇಲಾಖೆಯ ಕೆಲಸವನ್ನೂ ಹಚ್ಚಿಕೊಂಡಿವೆ. ಚಾರ್‌ಮಿನಾರಿನ ಮೇಲೆ ಮೋಡ ಕಟ್ಟಿದರೆ ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿ ಇವು ಕಟಕಟ ಅನ್ನುತ್ತವೆ. ಡಾಕ್ಟರು, ‘ಮೆಟ್ಟಿಲು ಹತ್ತಬೇಡಿ, ನೆಲದ ಮೇಲೆ ಕೂರಬೇಡಿ, ಈಜಿ’ ಎಂದರು. ಬೀದರಿನ ಕಡೆಯ ಹಳ್ಳಿಯ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ಅಪಾರ್ಟ್‌ಮೆಂಟಿನ ಕೊಳ ನನಗೆ ಯಾವ ಲೆಕ್ಕ?

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಎಂಟು ವರ್ಷದ ಮೊಮ್ಮಗಳು ಮತ್ಸ್ಯಕನ್ಯೆಯ ಚಿತ್ರಪುಸ್ತಕ ತಂದಿದ್ದಳು. ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಬರೆದ ಕಥೆ. ಅದರಲ್ಲಿ ಮತ್ಸ್ಯಕನ್ಯೆ ತನ್ನ ನಾಲಿಗೆಯನ್ನೇ ಕೊಟ್ಟು, ಬಾಲದ ಬದಲಿಗೆ ಕಾಲು ಪಡೆಯುತ್ತಾಳೆ. ಆಮೇಲೆ ಇಟ್ಟ ಒಂದೊಂದು ಹೆಜ್ಜೆಯೂ ಚೂರಿಯ ಮೇಲೆ ನಡೆದಂತೆ. ಓದುತ್ತಿದ್ದವಳು ಅಲ್ಲೇ ನಿಂತೆ. ಆ ನೋವು ನನಗೆ ಗೊತ್ತು! ದಿನಾ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗಿನ ನೋವು ಅದು. ಹುಚ್ಚುಡುಗಿ, ಮೊಣಕಾಲೇ ಇಲ್ಲದ ಜನ್ಮ ಸಿಕ್ಕಿತ್ತು, ಕಳೆದುಕೊಂಡಳು. ನನಗೆ ಇದೇ ವ್ಯಾಪಾರ ತಿರುವುಮುರುವಾಗಿ ಬೇಕಿತ್ತು.

‘ಅಜ್ಜಿ, ನನಗೊಂದು ಬಾಲ ಹೊಲಿದು ಕೊಡು’ ಅಂದಳು.

‘ಮೊದಲು ನಾನು ಹಾಕಿ ನೋಡ್ತೀನಿ, ಆಮೇಲೆ ನಿನಗೆ’ ಅಂದೆ. ಮಗುವಿನ ಸುರಕ್ಷತೆಗಾಗಿ ಎಂದು ಮನೆಯವರಿಗೆ ಹೇಳಿದ್ದು ಅರ್ಧ ಸುಳ್ಳು.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. ‘ಅಕಿ ಕಾಲು ತಗೊಳ್ಳಾಕ ನಾಲಿಗಿ ಕೊಟ್ಟಳು. ನೀ ಬಾಲ ತಗೊಳ್ಳಾಕತ್ತಿ. ನಾಲಿಗಿ ಲೆಕ್ಕ ಏನಾತು?’

ಉತ್ತರಿಸಿದರೆ ನಾಲಿಗೆ ಇನ್ನೂ ಇದೆ ಎಂದು ಸಾಬೀತಾಗುತ್ತಿತ್ತು. ಸುಮ್ಮನಾದೆ. ಧೈರ್ಯಕ್ಕೆ ನನ್ನ ಬಳಿ ಒಂದು ಹೆಸರಿತ್ತು: ಆಸ್ಟ್ರೇಲಿಯಾದ ಆನೆಟ್ ಕೆಲರ್ಮನ್. ಚಿಕ್ಕಂದಿನಲ್ಲಿ ಕಾಲಿಗೆ ಬಲವಿಲ್ಲದೆ ಲೋಹದ ಪಟ್ಟಿ ಕಟ್ಟಿಕೊಂಡಿದ್ದವಳು, ಕಾಲು ಗಟ್ಟಿಯಾಗಲೆಂದು ಈಜಿಗಿಳಿದಳು. 1911ರ ಮೂಕಿ ಚಿತ್ರದಲ್ಲಿ ಬಾಲ ತೊಟ್ಟು ಮತ್ಸ್ಯಕನ್ಯೆಯೇ ಆದಳು. ನನ್ನದೂ ಅದೇ ಕೇಸು. ಕಾಲಿಗಾಗಿ ಈಜಿಗಿಳಿದ ವಯಸ್ಸಿನಲ್ಲಿ ಐವತ್ತು ವರ್ಷ, ತೂಕದಲ್ಲಿ ಮೂವತ್ತು ಕಿಲೋ ವ್ಯತ್ಯಾಸ, ಅಷ್ಟೇ.

ಸಿಕಂದರಾಬಾದಿನ ಜನರಲ್ ಬಜಾರಿಗೆ ಹೋದೆವು. ಬಟ್ಟೆ ಎರಡೂ ಕಡೆ ಹಿಗ್ಗಬೇಕು, ಈಜುಡುಗೆಗೆ ಬಳಸುವ ನೈಲಾನ್-ಲೈಕ್ರಾ ಆಗಬೇಕು. ಸ್ಯಾಟಿನ್ ಹಿಗ್ಗದು, ಹತ್ತಿ ನೀರು ಕುಡಿದು ಭಾರವಾಗುತ್ತದೆ. ಇಷ್ಟೆಲ್ಲ ಓದಿಕೊಂಡು ಹೋಗಿದ್ದೆ. ಅಂಗಡಿಯವನು, ಯಾರಿಗಮ್ಮಾ, ಲೆಹೆಂಗಾಕ್ಕಾ ಎಂದ. ನನ್ನ ಹರಕು ದಖನಿಯಲ್ಲಿ ‘ಮಚ್ಛಿ ಕೆ ವಾಸ್ತೆ ಹೋನಾ’ ಅಂದೆ. ಅವನು ಕತ್ತರಿ ಕೆಳಗಿಟ್ಟ.

‘ಮಚ್ಛಿ ಕು ಕಪಡಾ ಕಾಯ್ಕು ಅಮ್ಮಾ?’

ಮೀನಿಗೆ ಬಟ್ಟೆ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಮೂರು ಮೀಟರ್ ಗಿಳಿಹಸಿರು ಕೊಂಡು ಬೇಗ ಬೇಗ ಹೊರಬಿದ್ದೆ.

ಅಳತೆಗೆ ನೆಲದ ಮೇಲೆ ಪತ್ರಿಕೆ ಹಾಸಿ ಮಲಗಿದೆ. ಡಾಕ್ಟರು ಬೇಡವೆಂದದ್ದು ಕೂರುವುದನ್ನು ಮಾತ್ರ. ಮೊಮ್ಮಗಳು ಸುತ್ತ ಪೆನ್ಸಿಲ್ ಎಳೆಯುತ್ತಾ ಬಂದಳು. ಸೊಂಟದ ಹತ್ತಿರ ಮುಖಪುಟ ಸಾಲದೆ ಕ್ರೀಡಾಪುಟವನ್ನೂ ಅಂಟಿಸಬೇಕಾಯಿತು. ಇನ್ನು ಕಾಲಿನಿಂದ ತುಳಿಯುವ ನನ್ನ ಹಳೆಯ ಹೊಲಿಗೆ ಯಂತ್ರಕ್ಕೆ ನೇರ ಹೊಲಿಗೆ ಬಿಟ್ಟರೆ ಬೇರೆ ಗೊತ್ತಿಲ್ಲ. ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ಒಂದು ಕಾಲು ತೂರಿಸಿದ್ದೇ ತಡ, ಪಟಪಟಪಟ ಎಂದು ಸೊಂಟದಿಂದ ಪಾದದವರೆಗೆ ದೀಪಾವಳಿಯ ಸರಪಟಾಕಿ.

ಅದನ್ನು ಎತ್ತಿಕೊಂಡು ಮೂಲೆಯ ಟೈಲರ್ ಮಾಸ್ಟರ್‌ಜೀ ಬಳಿ ಓಡಿದೆ. ಅವರ ಯಂತ್ರಕ್ಕೆ ಅಂಕುಡೊಂಕು ಹೊಲಿಗೆ ಬರುತ್ತದೆ. ಕನ್ನಡಕ ಏರಿಸಿ ಒಳಗೆ ಇಣುಕಿದರು, ತಿರುಗಿಸಿದರು, ಜಾಡಿಸಿದರು.

‘ದೂಸ್ರಾ ಪಾಂವ್ ಕಾಂ ಹೈ ಅಮ್ಮಾ?’

ಇನ್ನೊಂದು ಕಾಲು ಇಲ್ಲ, ಇಷ್ಟೇ ಎಂದೆ. ಬಟ್ಟೆ ಕಡಿಮೆ ಬಿತ್ತೆಂದುಕೊಂಡು ಮರುಕಪಟ್ಟರು. ಉಳಿದ ತುಂಡಿನಲ್ಲಿ ಇನ್ನೊಂದು ಕಾಲು ಹೊಲಿದು ಕೊಡುತ್ತೇನೆ, ದುಡ್ಡು ಬೇಡ ಎಂದರು. ನಾನು ಬೇಡವೇ ಬೇಡ ಎಂದದ್ದಕ್ಕೆ ಅವರಿಗೆ ಬೇಸರವಾಯಿತು.

ಅಲಂಕಾರದಲ್ಲಿ ಮಾತ್ರ ನನ್ನ ಬುದ್ಧಿ ಮಿಂಚಿತು. ಈರುಳ್ಳಿ ಚೀಲದ ಜಾಲರಿ ಎಳೆದು ಕಟ್ಟಿ, ಮೇಲೆ ಸ್ಪಾಂಜಿನಿಂದ ಬೆಳ್ಳಿ ಬಣ್ಣ ಒತ್ತಿದರೆ, ಜಾಲರಿ ತೆಗೆದಾಗ ಸಾಲು ಸಾಲು ಹುರುಪೆ! ಹೂಬೇಹೂಬು ಮೀನು. ಅಲ್ಲಿಗೆ ಕೈ ತೊಳೆಯಬೇಕಿತ್ತು. ಆದರೆ ಚಾರ್‌ಮಿನಾರಿನ ಪಕ್ಕದಲ್ಲೇ ಲಾಡ್ ಬಜಾರ್ ಇರುವ ಊರಿನಲ್ಲಿ ಇದ್ದುಕೊಂಡು ಯಾರು ತಾನೇ ಬರೀ ಬಣ್ಣಕ್ಕೆ ನಿಲ್ಲುತ್ತಾರೆ? ಅರಗಿನ ಬಳೆಗೆ ಹರಳು ಕೂರಿಸುವವರ ಸಾಲು ದಾಟಿ ಅರ್ಧ ಕಿಲೋ ಚಮಕಿ ತಂದೆ. ಮೂರು ರಾತ್ರಿ ಕೂತು, ಮಕ್ಕಳು ಶಾಲೆಯಲ್ಲಿ ಕಾಗದಕ್ಕೆ ಹಚ್ಚುವ ಬಿಳಿ ಅಂಟಿನಿಂದ ಒಂದೊಂದೇ ಅಂಟಿಸಿದೆ. ಆ ಅಂಟು ನೀರಿನಲ್ಲಿ ಕರಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಮೊಮ್ಮಗಳ ಫ್ರಾಕಿನಿಂದ ಅದೇ ಅಂಟನ್ನು ಎಷ್ಟು ಸಲ ತೊಳೆದು ತೆಗೆದಿದ್ದೇನೆ!

ಕೊನೆಗೆ ತುದಿಯ ರೆಕ್ಕೆ. ಎರಡೂ ಪಾದ ಒಟ್ಟಿಗೆ ತೂರಿಸುವ ಪ್ಲಾಸ್ಟಿಕ್ ಈಜುರೆಕ್ಕೆ ಅಂಗಡಿಯಲ್ಲಿ ಸಿಗುತ್ತದೆ. ಬೆಲೆ ನೋಡಿ ಹೌಹಾರಿ, ಮಗ ಉಡುಗೊರೆ ಕೊಟ್ಟ ಯೋಗದ ಚಾಪೆಯನ್ನು ಕತ್ತರಿಸಿ ಒಳಗೆ ತುರುಕಿದೆ.

ಭಾನುವಾರ ಬೆಳಿಗ್ಗೆ. ಬಲ್ಲವರು ಬಾಲವನ್ನು ಕೊಳದ ಅಂಚಿನಲ್ಲಿ ಕೂತು ತೊಡುತ್ತಾರೆ. ಯಕ್ಷಗಾನದವರಂತೆ ವೇಷ ಕಟ್ಟುವುದು ಚೌಕಿಮನೆಯಲ್ಲೇ ಎಂದು ನಾನು ನಾಲ್ಕನೇ ಮಹಡಿಯಲ್ಲಿ ತೊಟ್ಟು, ಲಾಡಿ ಬಿಗಿದೆ. ಆಮೇಲೆ ಗೊತ್ತಾಯಿತು, ಮತ್ಸ್ಯಕನ್ಯೆ ಲಿಫ್ಟಿನವರೆಗೂ ನಡೆಯಲಾರಳು. ಗೋಣಿಚೀಲದ ಓಟದಂತೆ ಎರಡು ಕುಪ್ಪಳಿಸಿದೆ, ಮೊಣಕಾಲು ಚೀರಿತು. ಯಜಮಾನರು ಗ್ಯಾಸ್ ಸಿಲಿಂಡರಿನ ಗಾಡಿ ತಂದು, ಮೇಲೊಂದು ಹಲಗೆ ಹಾಕಿ ನನ್ನನ್ನು ಕೂರಿಸಿ ತಳ್ಳಿದರು. ವಾಚ್‌ಮನ್ ಎದ್ದು ನಿಂತು ಸಲ್ಯೂಟ್ ಹೊಡೆದ. ಗಾಡಿಗೋ ನನಗೋ ತಿಳಿಯಲಿಲ್ಲ.

ಎದೆಮಟ್ಟದ ನೀರು, ಪಕ್ಕದಲ್ಲೇ ಈಜು ಕಲಿಸುವ ಹುಡುಗ. ಇಳಿದೆ. ಯೋಗದ ಚಾಪೆ ತೇಲುವ ಸಾಮಾನು. ಮುಂದೆ ಬಾಗಿದ ತಕ್ಷಣ ಬಾಲ ಸರ್ರನೆ ಮೇಲಕ್ಕೆದ್ದಿತು, ತಲೆ ಅಷ್ಟೇ ವೇಗವಾಗಿ ಕೆಳಗೆ ಹೋಯಿತು. ಚಾಪೆಯ ಮೇಲೆ ಎರಡು ವರ್ಷದಿಂದ ಬಾರದ ಶೀರ್ಷಾಸನ ಚಾಪೆಯನ್ನು ಕತ್ತರಿಸಿದ ಮೇಲೆ ಬಂತು! ಒದ್ದು ಕಳಚೋಣವೆಂದರೆ ನೆನೆದ ಲಾಡಿಯ ಗಂಟು ಕಲ್ಲಾಗಿತ್ತು. ಹುಡುಗ ತಕ್ಷಣ ಭುಜ ಹಿಡಿದೆತ್ತಿ ಅಂಚಿಗೆ ಒರಗಿಸಿದ. ಮೊಮ್ಮಗಳಿಗೆ ಇದನ್ನು ತೊಡಿಸಿಲ್ಲವಲ್ಲ ಎಂದು ಕೈಕಾಲು ನಡುಗಿತು, ಕೈಬಾಲ ಅನ್ನಬೇಕೇನೋ.

ಕಣ್ಣು ತೆರೆದರೆ ಕೊಳದ ತುಂಬ ನಕ್ಷತ್ರ. ಅರ್ಧ ಕಿಲೋ ಚಮಕಿಯೂ ನೀರಿಗೆ ಬಿಟ್ಟಿತ್ತು. ಅತ್ತ ಈಜುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರು ಬೋಳುತಲೆಯ ಮೇಲೆ ಝಗಮಗ ಹೊತ್ತು, ಮದುವೆಗೆ ಹೊರಟ ನವಾಬರಂತೆ ಮೆಟ್ಟಿಲೇರಿದರು. ಕೊಳದ ಫಿಲ್ಟರನ್ನು ಎರಡು ದಿನ ಬಿಚ್ಚಿ ತೊಳೆದರು, ಖರ್ಚು ನಾನೇ ಕೊಟ್ಟೆ. ಸೂಚನಾ ಫಲಕದಲ್ಲಿ ‘ಎಣ್ಣೆ ಹಚ್ಚಿಕೊಂಡು ಇಳಿಯಬಾರದು’ ಎಂಬುದರ ಕೆಳಗೆ ಹೊಸ ಸಾಲು ಬಂದಿದೆ: ‘ಮೀನಿನ ವೇಷದಲ್ಲಿ ಇಳಿಯಬಾರದು’.

ಮೃಗಶಿರಾ ಹೊತ್ತಿಗೆ, ಜೂನ್‌ನಲ್ಲಿ, ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಮನೆತನದವರು ಉಬ್ಬಸದವರಿಗೆ ಮೀನು ಪ್ರಸಾದ ಕೊಡುತ್ತಾರೆ, ಜೀವಂತ ಕೊರಮೀನಿನ ಮರಿಯ ಬಾಯಲ್ಲಿ ಔಷಧಿಯಿಟ್ಟು. ನಮ್ಮ ಯಜಮಾನರು ಊರಿಗೆ ಫೋನ್ ಮಾಡಿ ಹೇಳುತ್ತಿದ್ದದ್ದು ಕೇಳಿತು: ‘ಈ ಊರಾಗ ಮಂದಿ ಮೀನು ನುಂಗತಾರ. ನಮ್ಮ ಮನ್ಯಾಗ ಮೀನೇ ಮಂದೀನ ನುಂಗ್ಯಾದ.’

ಮೊಮ್ಮಗಳು ಹೊರಡುವ ಮುಂಚೆ, ಇಷ್ಟು ಒಳ್ಳೆಯ ಲೈಕ್ರಾ ಹಾಳಾಗಬಾರದೆಂದು ಬಾಲವನ್ನೂ ಉಳಿದ ತುಂಡನ್ನೂ ಚೀಲಕ್ಕೆ ಹಾಕಿ ಮಾಸ್ಟರ್‌ಜೀ ಬಳಿ ಹೋದೆ. ಅವಳಿಗೊಂದು ಲೆಗ್ಗಿಂಗ್ಸ್, ಹುರುಪೆ ಹೊರಗೆ ಕಾಣುವಂತೆ. ಎರಡು ಕಾಲು ಎಂದು ಬೆರಳಲ್ಲಿ ತೋರಿಸಿದೆ.

ಅವರು ನಗಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು, ‘ಮೈ ಪೈಲೆ ಇಚ್ ಬೋಲಾ ಥಾ ನಾ ಅಮ್ಮಾ’, ಮೊದಲೇ ಹೇಳಿದ್ದೆನಲ್ಲ, ಎಂದು ಮಾತ್ರ ಅಂದರು.