ರೌಟರಿಗೊಂದು ಮಸ್ತಕಾಭಿಷೇಕ

ನಮ್ಮ ಶ್ರವಣಬೆಳಗೊಳದಲ್ಲಿ ಬಾಹುಬಲಿ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಕಳೆದದ್ದು 2018ರಲ್ಲಿ. ನಮ್ಮನೆಯ ರೌಟರ್ ಗೋಡೆ ಏರಿದ್ದೂ ಆ ವರ್ಷವೇ. ಅಂದಿನಿಂದ ಧೂಳಿನ ಅಭಿಷೇಕ ಬಿಟ್ಟರೆ ಅದಕ್ಕೆ ಬೇರೆ ಸೇವೆ ಸಂದಿಲ್ಲ.

ಬೆಂಗಳೂರಿಂದ ಬಂದ ಮಗ ಹೌಹಾರಿದ. “ಅಪ್ಪ, ಫರ್ಮ್‌ವೇರ್ ಅಪ್‌ಡೇಟೇ ಮಾಡಿಲ್ವಾ?” ಫರ್ಮ್‌ವೇರ್ ಅಂದರೆ ಡಬ್ಬಿಯೊಳಗಿನ ಬುದ್ಧಿಯಂತೆ. ಅದರಲ್ಲಿ ತೂತು ಕಂಡಾಗ ಕಂಪನಿ ತೇಪೆ ಕಳಿಸುತ್ತದಂತೆ. ಪಾಸ್‌ವರ್ಡ್ ಕೂಡ ‘ಅಡ್ಮಿನ್’ ಅಂತಲೇ ಇತ್ತು. “ನೆನಪಿಡೋಕೆ ಸುಲಭ ಕಣೋ” ಅಂದೆ. “ಕಳ್ಳನಿಗೂ” ಅಂದ.

ಡಬ್ಬಿ ತಿರುಗಿಸಿ ಮಾಡೆಲ್ ನಂಬರ್ ಬರೆದುಕೊಂಡ, ಸೆಟ್ಟಿಂಗ್ಸ್ ಬ್ಯಾಕಪ್ ತೆಗೆದ, ವೈಫೈ ನಂಬದೆ ಕೇಬಲ್ಲೇ ಚುಚ್ಚಿದ. “ನಡುವೆ ಕರೆಂಟ್ ಹೋದ್ರೆ ರೌಟರ್ ಇಟ್ಟಿಗೆ ಆಗುತ್ತೆ” ಎಂದು ಹೆದರಿಸಿದ. ಬಂಡೆಯೇ ಬಾಹುಬಲಿಯಾದ ಊರಲ್ಲಿ ಡಬ್ಬಿ ಇಟ್ಟಿಗೆಯಾದರೆ ಏನು ಮಹಾ ಅಂದುಕೊಂಡೆ.

ಅಪ್‌ಡೇಟ್ ಗೊಮ್ಮಟನ ಎತ್ತರದ ಅಡಿಲೆಕ್ಕಕ್ಕೇ, ಅಂದರೆ ಶೇಕಡಾ 58ಕ್ಕೆ ಬಂದಾಗ ಕರೆಂಟ್ ಹೋಯಿತು! ಫ್ಯಾನ್ ನಿಂತಿತು, ಮಗನ ಉಸಿರೂ ನಿಂತಿತು. ರೌಟರಿನ ದೀಪ ಮಾತ್ರ ಮಿಣುಕುತ್ತಲೇ ಇತ್ತು.

“ಧಾರಾವಾಹಿ ನಿಲ್ಲಬಾರದು ಅಂತ ಪುಟ್ಟ ಯುಪಿಎಸ್ ಸಿಕ್ಕಿಸಿದ್ದೆ” ಅಂದಳು ನನ್ನವಳು, ಅವರೆಕಾಯಿ ಸುಲಿಯುತ್ತಾ.

ಗೊಮ್ಮಟನನ್ನು ಕಡೆಸಿದ ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದ ಮುಟ್ಟದಿದ್ದಾಗ ಗುಳ್ಳಕಾಯಜ್ಜಿಯ ಗಿಂಡಿಯಷ್ಟು ಹಾಲೇ ಮುಟ್ಟಿತು ಎನ್ನುತ್ತಾರೆ. ಅಜ್ಜಿ ಈಗಲೂ ಬೆಟ್ಟದ ಮೇಲೆ ಕೈಯಲ್ಲಿ ಗುಳ್ಳಕಾಯಿ ಹಿಡಿದು ನಿಂತಿದ್ದಾಳೆ. ನಮ್ಮನೆಯಲ್ಲಿ ಅವರೆಕಾಯಿ ಹಿಡಿದು ಕೂತಿದ್ದಳು.

“ಮುಂದಿನ ಅಪ್‌ಡೇಟಿಗೆ 2030ರವರೆಗೆ ಕಾಯಬೇಡಿ” ಅಂತ ಹೇಳಿ ಮಗ ಬಸ್ಸು ಹತ್ತಿದ. ಹೊಸ ಪಾಸ್‌ವರ್ಡ್ ಏನಿಟ್ಟ ಅಂತ ಕೇಳುವುದನ್ನೇ ಮರೆತೆ!